ಸಾಂತಾ ಮರಿನೆಲ್ಲಾಕ್ಕೆ ಒಂದು ದಿನ

೧

ಎಲ್ಲಿಂದ ಶುರು ಮಾಡಲಿ? ಇಟಲಿಯ ಸಮುದ್ರದಿಂದ ಶುರು ಮಾಡಿದರೆ ನೀವು ನಂಬುವುದಿಲ್ಲ. ರಾಯಚೂರಿನ ಬಿಸಿಲಿನಿಂದ ಶುರು ಮಾಡಿದರೆ ಓದುವುದಿಲ್ಲ. (ಎರಡನ್ನೂ ಬರೆದು ಹರಿದೆ. ಲ್ಯಾಪ್‌ಟಾಪಿನಲ್ಲಿ ಹರಿಯಲಾಗದು, ಡಿಲೀಟ್ ಮಾಡಿದೆ ಎಂದು ಓದಿಕೊಳ್ಳಿ.) ಹೋಗಲಿ, ಉಮಾದೇವಿಯಿಂದಲೇ ಶುರು ಮಾಡುತ್ತೇನೆ.

೨

ಉಮಾದೇವಿ ನನ್ನ ಗೆಳತಿ. ರಾಯಚೂರಿನಲ್ಲಿ ಭತ್ತದ ತಳಿಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ರೋಮಿನ ಸಮ್ಮೇಳನವೊಂದಕ್ಕೆ ಅವಳ ಪ್ರಬಂಧ ಆಯ್ಕೆಯಾಗಿತ್ತು. ಐದನೆಯ ದಿನ ಬಿಡುವು. ಗಬ್ಬೂರಿನಲ್ಲಿ ಕಂಡವರ ಹೊಲದ ಹತ್ತಿ ಬಿಡಿಸಿ ತನ್ನನ್ನು ಓದಿಸಿದ ತಾಯಿ ಅಮರಮ್ಮನಿಗೆ ಆ ದಿನ ಸಮುದ್ರ ತೋರಿಸಬೇಕೆಂದು ಅವಳ ಹಟ.

ಬೆಳಿಗ್ಗೆ ಎಂಟೂವರೆಯ ರೈಲು. ಒಂದು ತಾಸಿಗೆ ಸಾಂತಾ ಮರಿನೆಲ್ಲಾ ಎಂಬ ಊರು. ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ಮರಳು. ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಚಟ್ನಿ. ಸಂಜೆ ಐದಕ್ಕೆ ವಾಪಸ್. ಎಲ್ಲವನ್ನೂ ಬರೆದುಕೊಂಡು ಬಂದು ತಾಯಿಗೆ ಓದಿ ಹೇಳಿದಳು.

"ಅಲ್ಲಿ ನೀರು ಮುಟ್ಟಾಕ ಯಾರನ್ನಾರ ಕೇಳಬೇಕೇನವಾ?" ಅಂದಳು ಅಮರಮ್ಮ.

"ಯಾರನ್ನೂ ಕೇಳೂದಿಲ್ಲ ಯವ್ವಾ. ಸಮುದ್ರ ಅದು."

"ಊರಾಗ ಇದ್ದದ್ದೂ ಬರೇ ಭಾವಿನ."

(ಇಲ್ಲಿ ನಾನು ಒಂದು ಪುಟ ವ್ಯಾಖ್ಯಾನ ಬರೆದಿದ್ದೆ. ಉಮಾದೇವಿ ಓದಿ, "ಆಕಿ ಒಂದ ಮಾತಿನ್ಯಾಗ ಹೇಳ್ಯಾಳ. ನೀವ್ಯಾಕ ಪುಟ ತುಂಬಸ್ತೀರಿ?" ಎಂದಳು. ತೆಗೆದೆ.)

೩

ಮಗಳಿಗೆ ವೀಸಾ ಬಂತು. ತಾಯಿಗೆ ಬರಲಿಲ್ಲ. ಹೊಲವಿಲ್ಲ, ನೌಕರಿಯಿಲ್ಲ, ನೀವು ವಾಪಸ್ ಬರುವಿರೆಂಬ ಭರವಸೆ ನಮಗಿಲ್ಲ ಎಂದು ಕಾಗದದಲ್ಲಿತ್ತು. ಉಮಾದೇವಿ ಅದನ್ನು ಕನ್ನಡದಲ್ಲಿ ಹೇಳಿದಾಗ ಅಮರಮ್ಮ ನಕ್ಕಳು.

"ಗಬ್ಬೂರು ಬಿಟ್ಟು ನಾ ಎಲ್ಲಿ ಓಡಿ ಹೋಗ್ಲಿ?"

ಆಮೇಲೆ ಮಗಳ ಸೂಟ್‌ಕೇಸಿನಿಂದ ತನ್ನ ಹೊಸ ಸೀರೆ ತೆಗೆದು ಟ್ರಂಕಿಗೆ ಹಾಕಿದಳು.

"ನೀ ಹೋಗು. ನೋಡಿ ಬಂದು ಹೇಳು."

೪

ಮುಕ್ತಾಯ ಒಂದು: ಉಮಾದೇವಿ ಅಲೆಗಳಲ್ಲಿ ನಿಂತು ವಿಡಿಯೋ ಕಾಲ್ ಮಾಡುತ್ತಾಳೆ, ಅಮರಮ್ಮ ಗಬ್ಬೂರಿನ ಕಟ್ಟೆಯ ಮೇಲೆ ಕೂತು ಸಮುದ್ರ ನೋಡುತ್ತಾಳೆ. (ನನಗೇ ಕಣ್ಣೀರು ಬಂತು. ಅನುಮಾನ ಹುಟ್ಟಿದ್ದೂ ಅದಕ್ಕೇ.)

"ಸುಳ್ಳು," ಎಂದಳು ಉಮಾದೇವಿ.

ಮುಕ್ತಾಯ ಎರಡು: ಬಾಟಲಿಯಲ್ಲಿ ಸಮುದ್ರದ ನೀರು ತುಂಬಿಕೊಂಡು ಬರುತ್ತಾಳೆ.

"ಇದೂ ಸುಳ್ಳರಿ. ನನ್ನ ನೀರಿಗೆ ಇಳಸಲೇಬೇಕಂತ ನಿಮಗ ಯಾಕಿಷ್ಟು ಹಟ?"

"ಮತ್ತ ಏನಾತು? ನೀನ ಹೇಳು."

೫

ಆದದ್ದು ಇಷ್ಟು. ಅವಳು ಎಂಟೂವರೆಯ ರೈಲು ಹತ್ತಿದಳು. ಸಾಂತಾ ಮರಿನೆಲ್ಲಾದಲ್ಲಿ ಇಳಿದಳು. ಕಟ್ಟಡಗಳ ಸಂದಿಯಲ್ಲಿ ನೀಲಿ ಕಂಡಿತು. ಕಾಲು ಮುಂದೆ ಹೋಗಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಬ್ಬಳೇ ಕೂತಳು. ರೋಮಿಗೆ ಹೋಗುವ ಮೂರು ರೈಲುಗಳನ್ನು ಬಿಟ್ಟು ನಾಲ್ಕನೆಯದನ್ನು ಹತ್ತಿದಳು.

ಊರಿಗೆ ಬಂದ ದಿನ ಅಮರಮ್ಮ ಆಸೆಯಿಂದ ಕೇಳಿದಳು: "ನೀರು ಖರೇನ ಉಪ್ಪದಾವೇನು?"

"ಇಳೀಲಿಲ್ಲ ಯವ್ವಾ. ನೀ ಇಲ್ದ ನನಗ ಆಗ್ಲಿಲ್ಲ."

ತಾಯಿ ಅಪ್ಪಿಕೊಳ್ಳುತ್ತಾಳೆಂದು ಉಮಾದೇವಿ ಎಣಿಸಿದ್ದಳು. (ನಾನೂ.) ಅಮರಮ್ಮನ ಮುಖ ಕಪ್ಪಿಟ್ಟಿತು.

"ನನ್ನ ಅವರು ತಡದ್ರು. ನಿನ್ನ ಯಾರು ತಡದ್ರು?"

೬

ಉಮಾದೇವಿ ಉತ್ತರ ಕೊಡಲಿಲ್ಲ. ಅವಳ ಪರವಾಗಿ ನಾನು ಕೊಡಬಹುದಿತ್ತು. ಕಥೆಗಾರರಿಗೆ ಆ ಸಲಿಗೆ ಇರುತ್ತದೆ. ನಾಲ್ಕು ಉತ್ತರ ಬರೆದೆ. ನಾಲ್ಕೂ ಚಂದವಾಗಿದ್ದವು. ಅವಳಿಗೆ ಕಳಿಸಲು ಧೈರ್ಯವಾಗಲಿಲ್ಲ.

ತಾಯಿ ಮಗಳು ಎದುರುಬದುರು ಕೂತಿದ್ದಾರೆ. ಅವರನ್ನು ಅಲ್ಲಿಂದ ಎಬ್ಬಿಸುವುದು ನನ್ನಿಂದಾಗುತ್ತಿಲ್ಲ.