ಮಾವನವರು ಒಪ್ಪಿದ ಹೆಡ್‌ಫೋನ್

ಮಾವನವರು ಹೆಡ್‌ಫೋನನ್ನು ನನ್ನ ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಅಳತೆ ಯಂತ್ರದ ರಬ್ಬರ್ ಕಿವಿಗಳು ಅಲುಗಾಡಿದವು.

"ಇದು ನಾನು ಒಪ್ಪಿದ್ದಲ್ಲ. ಈಗ ತಾನೇ ಇನ್ನೊಂದು ಪೆಟ್ಟಿಗೆ ಒಡೆಸಿ ತೆಗೆದೆ. ಹಾಡೋಳು ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿದೆ. ಆ ದೊಡ್ಡಕ್ಕ ಜೋಡಿಸೋವಾಗ ಏನೋ ಎಡವಟ್ಟು ಮಾಡಿದಾಳೆ. ಒಂದು ಸಲ ಅಲ್ಲ, ಪ್ರತಿ ಸಲ. ಈ ವಾರ ಮುಗಿಯೋದರೊಳಗೆ ಅವಳು ಇಲ್ಲಿ ಇರಬಾರದು."

ನಮ್ಮದು ಸ್ಟುಡಿಯೋಗಳಿಗೆ ಹೆಡ್‌ಫೋನ್ ತಯಾರಿಸುವ ಸಣ್ಣ ಕಾರ್ಖಾನೆ. ಕಟ್ಟಿದವರು ಮಾವ, ನಡೆಸುವವನು ನನ್ನ ಗಂಡ, ಅಳೆಯುವವಳು ನಾನು. ರಬ್ಬರ್ ತಲೆಗೆ ಹೆಡ್‌ಫೋನ್ ತೊಡಿಸಿ, ತೀರ ತಗ್ಗಿನ ಗುಡುಗಿನಿಂದ ತೀರ ಕೀರಲು ದನಿಯವರೆಗೆ ಶಬ್ದ ಕೊಡುತ್ತಾ ಹೋದರೆ ಪರದೆಯ ಮೇಲೆ ಒಂದು ಗೆರೆ ಮೂಡುತ್ತದೆ. ಯಾವ ದನಿ ಉಬ್ಬಿದೆ, ಯಾವುದು ತಗ್ಗಿದೆ ಎಂಬುದನ್ನು ಆ ಗೆರೆ ಹೇಳುತ್ತದೆ. ಆದರೆ ಹೊಸ ಮಾದರಿಗೆ ಕೊನೆಯ ಒಪ್ಪಿಗೆ ಕೊಡುವುದು ಗೆರೆಯಲ್ಲ, ಮಾವನವರ ಕಿವಿ. ಅವರ ಕಿವಿಯೆಂದರೆ ಕಿವಿ ಎಂದು ಈ ಧಂದೆಯವರೆಲ್ಲ ಹೊಗಳುತ್ತಾರೆ.

ಈ ಮಾದರಿಯ ಒಪ್ಪಿಗೆಯ ದಿನವೇ ನನಗೂ ಅವರಿಗೂ ಜಟಾಪಟಿಯಾಗಿತ್ತು. "ಇನ್ನೂ ಮಂಕಾಗಿದೆ, ಮೇಲಿನ ದನಿ ಎತ್ತು" ಎಂದು ಅವರು ಹೇಳುತ್ತಲೇ ಹೋದರು. ನನ್ನ ಪರದೆಯ ಬಲಬದಿಯಲ್ಲಿ, ಕೀರಲು ದನಿ ಮೂಡುವ ಕಡೆ, ಒಂದು ಗುಡ್ಡವೇ ಎದ್ದಿತು. "ಮಾವ, ಇದನ್ನ ಹಾಕಿಕೊಂಡು ಕೇಳಿದ್ರೆ ಹಾಡೋರ ಒಂದೊಂದು ಸಕಾರನೂ ಸೂಜಿ ಚುಚ್ಚಿದ ಹಾಗಿರುತ್ತೆ" ಎಂದೆ. ಅವರು ಎಲ್ಲರ ಎದುರಿಗೆ ನಕ್ಕರು. "ನಿನ್ನ ಯಂತ್ರಕ್ಕೆ ಕಿವಿ ಇದೆ ಕಣಮ್ಮ. ಒಳಗೆ ಕೂತು ಕೇಳೋರು ಯಾರಿದಾರೆ?" ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕ. ಆ ನಗು ನನಗೆ ಇನ್ನೂ ಜೀರ್ಣವಾಗಿಲ್ಲ.

ಅವರ ಮಾತಿನಲ್ಲಿ ನ್ಯಾಯವಿಲ್ಲವೆಂದಲ್ಲ. ರಬ್ಬರ್ ತಲೆಗೆ ಕನ್ನಡಕವಿಲ್ಲ, ಕೂದಲಿಲ್ಲ, ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಡಿ ಬಂದ ಮನಸ್ಸಿಲ್ಲ. ಕನ್ನಡಕದ ಕಡ್ಡಿಯೊಂದು ಮೆತ್ತೆಯನ್ನು ಎತ್ತಿ ಹಿಡಿದರೆ ಸಾಕು, ಗೆರೆಯಲ್ಲಿ ತುಂಬಿ ತುಳುಕುವ ತಗ್ಗು ದನಿ ಕಿವಿಗೆ ಸೋರಿಹೋಗಿರುತ್ತದೆ. ಇದೆಲ್ಲ ನನಗೂ ಗೊತ್ತು. ಗೊತ್ತಿಲ್ಲದವಳ ಹಾಗೆ ನನ್ನನ್ನು ನಡೆಸಿಕೊಂಡದ್ದಕ್ಕೇ ಸಿಟ್ಟು.

ಮಾವ ಹೋದ ಮೇಲೆ ಅವರು ಒಪ್ಪಿದ ಮೊದಲ ಹೆಡ್‌ಫೋನನ್ನೂ ಪೆಟ್ಟಿಗೆಯದನ್ನೂ ಒಂದಾದ ಮೇಲೊಂದು ಅಳೆದೆ. ರಬ್ಬರ್ ತಲೆಯಿಂದ ತೆಗೆದು ಮತ್ತೆ ತೊಡಿಸಿ ಇನ್ನೊಮ್ಮೆ ಅಳೆದೆ. ಅನುಮಾನವೇ ಇರಲಿಲ್ಲ. ಪೆಟ್ಟಿಗೆಯದರಲ್ಲಿ ಬಲಬದಿಯ ಗುಡ್ಡ ಮಾಯವಾಗಿತ್ತು. ಮಾವ ಹೇಳಿದ್ದು ಅಕ್ಷರಶಃ ನಿಜ. ಮಾರಾಟಕ್ಕೆ ಹೋಗುತ್ತಿರುವುದು ಅವರು ಒಪ್ಪಿದ ಹೆಡ್‌ಫೋನ್ ಆಗಿರಲಿಲ್ಲ.

ನೆಟ್ಟಗೆ ಜೋಡಣೆ ಕೋಣೆಗೆ ಹೋದೆ. ಉದ್ದನೆಯ ಮೇಜಿನ ಎರಡೂ ಬದಿ ಹೆಂಗಸರು ತಲೆ ಬಗ್ಗಿಸಿ ತಂತಿಗೆ ಬೆಸುಗೆ ಹಾಕುತ್ತಿದ್ದರು. ಆ ಕೋಣೆಯ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ಹಿಂದಿನ ದಿನವಷ್ಟೇ ಮಾವ ಇದೇ ಮೇಜಿನ ತುದಿಯಲ್ಲಿ ನಿಂತು ಆಕೆಯನ್ನು ಬಾಯಿಗೆ ಬಂದಂತೆ ಬೈದಿದ್ದರು.

"ಏನ್ ದೊಡ್ಡಕ್ಕ ಇದು?" ಎಂದು ಹೆಡ್‌ಫೋನ್ ಮುಂದೆ ಹಿಡಿದೆ. ನನ್ನ ದನಿಯೂ ಏರಿತ್ತು.

ಆಕೆ ಹೆಬ್ಬೆರಳಿನ ಉಗುರಿನಿಂದ ಕಿವಿಯ ಮೆತ್ತೆ ಎಬ್ಬಿಸಿ, ಒಳಗಿನಿಂದ ತೆಳುವಾದ ಉಣ್ಣೆಬಟ್ಟೆಯ ಬಿಲ್ಲೆಯೊಂದನ್ನು ತೆಗೆದು ನನ್ನ ಅಂಗೈಗೆ ಹಾಕಿದರು. ಮೊದಲ ಹೆಡ್‌ಫೋನಿನಲ್ಲಿ ಅದು ಇರಲಿಲ್ಲ.

"ಹಾಕಿದ್ದು ನಾನೇ. ಹಾಕು ಅಂದೋರು ಯಾರು ಅಂತ ನಿನ್ನ ಗಂಡನ್ನ ಕೇಳು. ಮೂರು ಮಾದರಿ ಆಯ್ತು, ಇದೇ ನಾಟಕ. ನನ್ನ ಬಾಯಿಗೆ ಬೀಗ ಹಾಕಿ, ಬೈಗುಳ ತಿನ್ನೋಕೆ ಕಿವಿ ಮಾತ್ರ ಬಿಟ್ಟಿದಾರೆ."

ಮೈಯೆಲ್ಲ ಉರಿದುಹೋಯಿತು. ಗಂಡನ ಕೋಣೆಗೆ ಹೋಗಿ ಆ ಬಿಲ್ಲೆಯನ್ನು ಅವನು ನೋಡುತ್ತಿದ್ದ ಕಾಗದದ ಮೇಲೆ ಎಸೆದೆ. ಅವನು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಎದ್ದುಹೋಗಿ ಬಾಗಿಲು ಹಾಕಿದ.

"ಮೆಲ್ಲಗೆ ಮಾತಾಡು."

"ಮೆಲ್ಲಗೇ? ಇಷ್ಟು ದಿನ ಮೆಲ್ಲಗಿದ್ದಿದ್ದಕ್ಕೇ ಈ ಗತಿ ಬಂದಿರೋದು!"

ಅವನು ಹಣೆ ಉಜ್ಜಿಕೊಂಡ. "ಮೂರು ಮಾದರಿ ಹಿಂದೆ ಅಪ್ಪ ಒಪ್ಪಿದ್ದನ್ನ ಹಾಗೇ ಕಳಿಸಿದೆ. ಸ್ಟುಡಿಯೋದೋರು ಎಲ್ಲ ವಾಪಸ್ ಮಾಡಿದ್ರು, ಅದನ್ನ ನಿಮಗ್ಯಾರಿಗೂ ಹೇಳಲಿಲ್ಲ. ಅರ್ಧ ಗಂಟೆ ಹಾಕಿಕೊಂಡ್ರೆ ತಲೆನೋವು ಅಂದ್ರು. ಅಪ್ಪನಿಗೆ ಕೀರಲು ದನಿ ಸರಿಯಾಗಿ ಕೇಳಿಸ್ತಿಲ್ಲ ಅಂತ ಆಗಲೇ ಗೊತ್ತಾಯ್ತು. ಅವರಿಗೆ ಹೇಗೆ ಹೇಳಲಿ? ಆ ಕಿವಿ ಬಿಟ್ರೆ ಅವರ ಹತ್ರ ಇನ್ನೇನಿದೆ? ಅವರು ಒಪ್ಪಲಿ, ಆಮೇಲೆ ಬಿಲ್ಲೆ ಹಾಕಿದ್ರಾಯ್ತು ಅಂತ ಮಾಡಿದೆ. ಯಾರಿಗೂ ನಷ್ಟ ಇರಲಿಲ್ಲ."

"ಅಂದ್ರೆ ಅವತ್ತು ನಾನು ಸೂಜಿ ಚುಚ್ಚಿದ ಹಾಗಿರುತ್ತೆ ಅಂದಾಗ ನಿನಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕೆ."

ಅವನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದ.

"ದೊಡ್ಡಕ್ಕನ ಕಥೆ ಏನು?"

"ಅಪ್ಪ ಹಟ ಹಿಡಿದಿದಾರೆ. ಬೇರೆ ಕಡೆ ಕೆಲಸ ಕೊಡಿಸ್ತೀನಿ, ಸುಮ್ಮನೆ ಹೋಗ್ಲಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ನಿನ್ನ ಹಾವು ಕೋಲು ಹಾಗಿರಲಿ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಇದೇ. ಕೆಲಸ ಬರದೋಳು ಅಂತ ಹಣೆಪಟ್ಟಿ ಕಟ್ಟಿ ಕಳಿಸಿದೋಳನ್ನ ಯಾರು ಇಟ್ಟುಕೊಳ್ತಾರೆ?"

ಅಪ್ಪನ ಮೇಲಿನ ಪ್ರೀತಿಯಂತೆ! ಪ್ರೀತಿ ಇವನದು, ಬೈಗುಳ ಆಕೆಯದು. ಇಂಥ ಪುಕ್ಕಲನ ಜೊತೆ ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದೆನಲ್ಲ ಎಂದು ನನ್ನ ಮೇಲೆಯೇ ರೇಗಿತು. ಬಿಲ್ಲೆ ಎತ್ತಿಕೊಂಡು ಹೊರಟೆ. "ಬೇಡ ಕಣೇ, ಅವರು ಕುಸಿದುಹೋಗ್ತಾರೆ" ಎಂದು ಅವನು ಹಿಂದಿನಿಂದ ಕೂಗಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾವನವರು ಆಲಿಸುವ ಕೋಣೆಯಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಗೋಡೆಗೆಲ್ಲ ದಪ್ಪ ಬಟ್ಟೆ, ಒಂದೇ ಕುರ್ಚಿ, ಮೂಲೆಯಲ್ಲಿ ನನ್ನ ಅಳತೆ ಯಂತ್ರಕ್ಕೆ ಜೋಡಿಸಿದ ಇನ್ನೊಂದು ಪರದೆ. ಅಲ್ಲಿ ಸ್ವಂತ ಉಸಿರು ಕೂಡ ದೊಡ್ಡದಾಗಿ ಕೇಳುತ್ತದೆ.

"ಮಾವ, ನೀವು ಹೇಳಿದ್ದು ನಿಜ. ಎರಡೂ ಬೇರೆ ಬೇರೆ" ಎಂದೆ.

"ನಾನು ಹೇಳಲಿಲ್ವಾ?" ಎಂದರು. ಮುಖ ಅರಳಿತು.

"ಯಾಕೆ ಅಂತಲೂ ಹೇಳ್ತೀನಿ. ಅದಕ್ಕೆ ಮುಂಚೆ ನನಗೊಂದು ಅಳತೆ ಬೇಕು. ಹೆಡ್‌ಫೋನಿಂದು ಅಲ್ಲ, ನಿಮ್ಮ ಕಿವೀದು. ದನಿ ಕೇಳಿಸಿದಾಗೆಲ್ಲ ಬೆರಳು ಎತ್ತಿ."

ರೇಗುತ್ತಾರೆ ಎಂದುಕೊಂಡಿದ್ದೆ. ಬದಲಿಗೆ ಮಗುವಿನ ಹಾಗೆ ಹುಮ್ಮಸ್ಸಿನಿಂದ ಹೆಡ್‌ಫೋನ್ ತೊಟ್ಟು, ಕಣ್ಣು ಮುಚ್ಚಿ, ತೋರುಬೆರಳು ಮುಂದೆ ಮಾಡಿಕೊಂಡು ಕೂತರು. ತಗ್ಗಿನ ದನಿಗಳಿಗೆ ಬೆರಳು ಪಟಪಟನೆ ಎದ್ದಿತು. ನಾನೇ ತೊಟ್ಟರೂ ಕೇಳಿಸದಷ್ಟು ಸಣ್ಣ ದನಿಗೂ ಎದ್ದಿತು. ನಡುವಿನ ದನಿಗಳಿಗೂ ಎದ್ದಿತು. ಮೇಲೆ ಹೋಗುತ್ತಾ ಹೋದಂತೆ ಬೆರಳು ತಡವರಿಸಿತು. ನಾನು ದನಿಯನ್ನು ಏರಿಸಿದೆ, ಇನ್ನೂ ಏರಿಸಿದೆ. ಹೆಡ್‌ಫೋನಿನ ಅಂಚಿನಿಂದ ಸೋರಿದ ಕೀರಲು ಮೂರು ಅಡಿ ಆಚೆ ನಿಂತಿದ್ದ ನನ್ನ ಕಿವಿಯನ್ನು ಕೊರೆಯುತ್ತಿತ್ತು. ಅವರ ಬೆರಳು ಏಳಲಿಲ್ಲ.

"ಯಾಕಮ್ಮ ನಿಲ್ಲಿಸಿಬಿಟ್ಟೆ? ಮುಂದಿನದು ಹಾಕು" ಎಂದರು, ಕಣ್ಣು ಮುಚ್ಚಿಕೊಂಡೇ.

ದನಿ ನಿಲ್ಲಿಸಿ ಅವರ ಭುಜ ಮುಟ್ಟಿದೆ. ಪರದೆಯ ಮೇಲೆ ಅವರು ಒಪ್ಪಿದ ಹೆಡ್‌ಫೋನಿನ ಗೆರೆಯನ್ನೂ ಅದರ ಕೆಳಗೆ ಅವರ ಕಿವಿಯ ಗೆರೆಯನ್ನೂ ಇಟ್ಟೆ. ಕಿವಿಯ ಗೆರೆ ಎಲ್ಲಿ ಇಳಿಯಲು ಶುರುವಾಗಿತ್ತೋ, ಹೆಡ್‌ಫೋನಿನದು ಸರಿಯಾಗಿ ಅಲ್ಲಿಂದಲೇ ಏರತೊಡಗಿತ್ತು. ಏರಿದ್ದು ಸ್ವಲ್ಪ, ಇಳಿದದ್ದು ಬಹಳ.

"ನೀವು ಕೇಳಿಸಿಕೊಂಡಿದ್ದು ಸುಳ್ಳಲ್ಲ ಮಾವ. ನಿಮ್ಮ ಕಿವಿಗೆ ಯಾವುದು ಸರಿಯೋ ಅದನ್ನೇ ಕೇಳಿದ್ರಿ. ಬೇರೆಯವರ ಕಿವಿಗೆ ಅದು ಚುಚ್ಚುತ್ತೆ. ಅದಕ್ಕೇ ಒಳಗೆ ಇದನ್ನ ಇಟ್ಟಿದಾರೆ" ಎಂದು ಬಿಲ್ಲೆಯನ್ನು ಅವರ ಕೈಗೆ ಕೊಟ್ಟೆ. "ದೊಡ್ಡಕ್ಕನ ಕೈಲಿ ಇಡಿಸಿದ್ದು ನಿಮ್ಮ ಮಗ. ಮೂರು ಮಾದರಿಯಿಂದ."

ಅವರು ಆ ಎರಡು ಗೆರೆಗಳ ಮೇಲೆ ಬೆರಳಾಡಿಸಿದರು. ಅಷ್ಟರಲ್ಲಿ ಗಂಡ ಬಾಗಿಲಲ್ಲಿ ಬಂದು ನಿಂತಿದ್ದ. ಮಾವ ತಿರುಗಿದರು. ಅವರು ಕುಸಿಯಲಿಲ್ಲ. ಅವರ ಕತ್ತಿನ ನರ ಉಬ್ಬಿತ್ತು.

"ನನ್ನ ಕಿವಿ ಹೋಗಿದ್ದು ವಯಸ್ಸಿಗೆ ಕಣೋ. ನಿನ್ನ ಬಾಯಿ ಯಾಕೋ ಬಿದ್ದುಹೋಗಿತ್ತು? ನನ್ನನ್ನ ಬೊಂಬೆ ಮಾಡಿ ಈ ಕುರ್ಚಿ ಮೇಲೆ ಕೂರಿಸಿದ್ರಾ? ನಾನು ತಲೆ ಆಡಿಸೋದು, ನೀವು ಬೆನ್ನ ಹಿಂದೆ ಬಿಲ್ಲೆ ಹಾಕೋದು!"

"ಅಪ್ಪ, ನಿಮಗೆ ನೋವಾಗಬಾರದು ಅಂತ..."

"ನನಗೆ ಆಗಬೇಕಾಗಿದ್ದ ನೋವನ್ನ ಆ ಹೆಂಗಸಿನ ಕೈಲಿ ಹೊರಿಸಿದೆಯಲ್ಲೋ! ಅವಳನ್ನ ಕರಿ."

ದೊಡ್ಡಕ್ಕ ಬಂದರು. ಕೈಯಲ್ಲಿ ಇನ್ನೂ ಇಕ್ಕಳವಿತ್ತು. ಮಾವ ಎದ್ದು ನಿಂತರು. "ತಪ್ಪು ನನ್ನದು. ಬೈದಿದ್ದಕ್ಕೆ..." ಎಂದು ಶುರುಮಾಡಿದರು.

"ಇಲ್ಲಿ ಬೇಡಿ ಸಾರ್" ಎಂದರು ದೊಡ್ಡಕ್ಕ. ದನಿಯಲ್ಲಿ ಒಂದಿಷ್ಟೂ ಮರುಕವಿರಲಿಲ್ಲ. "ಈ ಕೋಣೇಲಿ ಹೇಳಿದ್ದು ಹೊರಗೆ ಯಾರಿಗೂ ಕೇಳಿಸಲ್ಲ. ನೀವು ಬೈದಿದ್ದು ಮೇಜಿನ ತುದೀಲಿ ನಿಂತು, ನನ್ನ ಕೈಕೆಳಗಿನ ಅಷ್ಟೂ ಹುಡುಗಿಯರ ಎದುರಿಗೆ. ಹೇಳೋದಾದ್ರೆ ಅಲ್ಲಿ ಬಂದು ಹೇಳಿ. ಇಲ್ಲದಿದ್ರೆ ನಾನು ಈಗಲೇ ಹೊರಟೆ."

ಅಲ್ಲಿ ಹೇಳಿದರೆ ಸಂಜೆಯೊಳಗೆ ಸುದ್ದಿ ಊರೆಲ್ಲ ಹರಡುತ್ತದೆ, ನಾಳೆ ಸ್ಟುಡಿಯೋಗಳಿಗೆ ಮುಟ್ಟುತ್ತದೆ. ಅದು ಕೋಣೆಯಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

ಮಾವ ಅಂಗಿಯ ತೋಳು ಸರಿಮಾಡಿಕೊಂಡು ಬಾಗಿಲು ದಾಟಿದರು. ಗಂಡ ಅವರ ಹಿಂದೆ ಓಡಲು ಹೊರಟ. ನಾನು ಅವನ ತೋಳು ಹಿಡಿದೆ. ಅವನು ಕೊಸರಿದ, ನಾನು ಬಿಡಲಿಲ್ಲ. ಓಣಿಯ ಆ ತುದಿಯಲ್ಲಿ ಕುರ್ಚಿಗಳು ಸರಿದ ಸದ್ದಾಯಿತು. ಆಮೇಲೆ ಮಾವನವರ ದನಿ ಕೇಳಿಸಿತು. ದೂರ ಕೂತವರಿಗೂ ಮುಟ್ಟಬೇಕೆಂದು ಎತ್ತರಿಸಿಯೇ ಮಾತಾಡಿದರು.

"ಎಲ್ಲರೂ ಕೈಕೆಲಸ ಬಿಟ್ಟು ಈ ಕಡೆ ಕೇಳಿ. ನನಗೆ ಕಿವಿ ಸರಿಯಾಗಿ ಕೇಳಿಸೋದಿಲ್ಲ. ದೊಡ್ಡಕ್ಕನ ಕೆಲಸದಲ್ಲಿ ಯಾವತ್ತೂ ಯಾವ ತಪ್ಪೂ ಇರಲಿಲ್ಲ."