ದೂರದಲ್ಲಿಟ್ಟ ನೀರು

ಸೊಸೆಯನ್ನು ಹೊರಗೆ ಕಳುಹಿಸಲೇ? ಕಳುಹಿಸಿದರೆ ಮುದುಕ ಗಾಬರಿಯಾದಾನೇ? ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದಾರೆ...

ಎಳೆಯ ಡಾಕ್ಟರ್ ಶಿವಪುತ್ರ ಮಣಕವಾಡರ ಈ ಅನುಮಾನ ನನಗೆ ಅವರ ಪಾದದಿಂದಲೇ ತಿಳಿಯಿತು. ಅದು ನನ್ನನ್ನು ಗೇಣು ಮುಂದೆ ತಳ್ಳಿ, ಮತ್ತೆ ಹಿಂದಕ್ಕೆಳೆಯಿತು. ನಾನು ಅವರು ಕೂತಿದ್ದ ಗಾಲಿಯ ಸ್ಟೂಲು. ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಹುಟ್ಟಿ, ಐದು ಗಾಲಿ ಮತ್ತು ದುಂಡನೆಯ ಸೀಟು ಪಡೆದು, ಸರ್ಕಾರಿ ಆಸ್ಪತ್ರೆಗೆ ಬಂದು ಆಗಿನ್ನೂ ತಿಂಗಳಾಗಿರಲಿಲ್ಲ. ಅವರೂ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಹೊಸಬರು.

ಮುದುಕ ನೇಕಾರ ಫಕೀರಪ್ಪ. ಡಾಕ್ಟರು ಮೇಜಿನಾಚೆಯಿಂದಲೇ ಗಟ್ಟಿಯಾಗಿ ಕೇಳಿದರು: "ಅಜ್ಜಾರ, ಒಂದಕ್ಕ ಸಲೀಸ ಆಗ್ತದೋ, ತಡೀತದೋ?"

ಹಿಂದೆ ನಿಂತಿದ್ದ ಸೊಸೆ ಸೆರಗು ಎಳೆದುಕೊಂಡಳು. ಫಕೀರಪ್ಪ ಗೋಡೆ ನೋಡಿದ. "ಎಲ್ಲಾ ಸಲೀಸ ಐತ್ರಿ. ಸೊಂಟ ಅಷ್ಟ ನೋಯ್ತದ."

ಡಾಕ್ಟರು ಸೊಂಟಕ್ಕೆ ಗುಳಿಗೆ ಬರೆದರು.

ಎರಡು ತಿಂಗಳಾದ ಮೇಲೆ ಅವನು ಸ್ಟ್ರೆಚರಿನಲ್ಲಿ ಬಂದ. ಕಟ್ಟಿ ನಿಂತ ಮೂತ್ರ ಎರಡೂ ಕಿಡ್ನಿಗಳನ್ನು ಕೆಡಿಸಿತ್ತು. ಉಳಿಯಲಿಲ್ಲ. ಸೊಸೆ ಅಳುತ್ತಾ ಒಂದೇ ಮಾತು ಹೇಳಿದಳು: "ಹೇಳಿದ್ರ ನಾ ಹೊರಗ ನಿಂದರ್ತಿದ್ನಲ್ರೀ ಸಾಹೇಬ್ರ."

ಡಾಕ್ಟರು ಮತ್ತೆ ಮೂರು ವರ್ಷ ಬೇರೆ ಊರಿಗೆ ಹೋಗಿ ಮೂತ್ರರೋಗಗಳನ್ನೇ ಓದಿದರು. ಕಲ್ಲು ಒಡೆಯುವುದು, ಉಬ್ಬಿದ ಪ್ರಾಸ್ಟೇಟ್ ಗ್ರಂಥಿ ಕೆರೆದು ದಾರಿ ಮಾಡುವುದು, ಎಲ್ಲ ಕಲಿತು ಹಿಂದಿರುಗಿದಾಗ ನಾನು ಗುಜರಿಯ ರಾಶಿಯಲ್ಲಿದ್ದೆ. ಕೇಳಿ ಪಡೆದು, ಹುಬ್ಬಳ್ಳಿಯಲ್ಲೇ ತೆರೆದ ತಮ್ಮ ಸ್ವಂತ ದವಾಖಾನೆಗೆ ಒಯ್ದರು.

ಅಲ್ಲಿ ಕುಡಿಯುವ ನೀರನ್ನು ಪಡಸಾಲೆಯ ತುತ್ತತುದಿಯಲ್ಲಿಡಿಸಿದರು. ರೋಗಿ ಕೂತೊಡನೆ ಜೊತೆಗೆ ಬಂದವರ ಕೈಗೆ ಖಾಲಿ ಬಾಟಲಿ ಕೊಡುವರು. "ಇವರಿಗೆ ನೀರು ತುಂಬಿಸ್ಕೊಂಡ ಬರ್ರಿ." ಬಾಗಿಲು ಮುಚ್ಚಿದ ಮೇಲೆ ನನ್ನನ್ನು ಉರುಳಿಸಿಕೊಂಡು ರೋಗಿಯ ಮೊಣಕಾಲಿನ ತನಕ ಬರುವರು. ಮೆಲ್ಲಗೆ ಕೇಳುವರು. ಉತ್ತರ ತಡವಾದರೆ ಕಾಯುವರು. ಆ ಕಾಯುವಿಕೆಯ ಭಾರ ನನಗೆ ಗೊತ್ತು.

"ನಿಮ್ಮ ನೀರು ಧಾರವಾಡದಾಗ ಐತೇನ್ರೀ?" ಎಂದು ಬಾಟಲಿ ತುಂಬಿಸಿ ಬಂದ ಒಬ್ಬಾಕೆ ಏದುಸಿರು ಬಿಡುತ್ತಾ ರೇಗಿದಳು.

ಅವರ ಕೈಕೆಳಗೆ ಕಲಿಯಲು ಬಂದ ಡಾಕ್ಟರ್ ರೇಷ್ಮಾ ನದಾಫ ಕೂಡ ಕೇಳಿದಳು: "ಸರ, ನೀರಿನ ಫಿಲ್ಟರ್ ಇಲ್ಲೇ ತರಸೋಣಲ್ರೀ?"

"ಬ್ಯಾಡವಾ, ಅಲ್ಲೇ ಇರಲಿ."

ಅವಳು ಮತ್ತೆ ಕೇಳಲಿಲ್ಲ; ನೋಡುತ್ತಾ ಕಲಿತಳು.

ಈಗ ಡಾಕ್ಟರ ತಲೆ ನರೆತಿದೆ, ನನ್ನ ಎರಡು ಗಾಲಿ ಕಿರುಗುಟ್ಟುತ್ತವೆ. ಸೀಟು ಮೂರು ಸಲ ಬದಲಾಗಿದೆ. ಹೋದ ವಾರ ನನ್ನ ಮೇಲೆ ರೇಷ್ಮಾ ಕೂತಿದ್ದಳು. ಎದುರಿನ ಕುರ್ಚಿಯಲ್ಲಿ ಡಾಕ್ಟರ್ ಮಣಕವಾಡ, ಪಕ್ಕದಲ್ಲಿ ಅವರ ಹೆಂಡತಿ.

"ಏನಿಲ್ಲವಾ, ಸೊಂಟನೋವು" ಎಂದರು ಅವರು, ಗೋಡೆ ನೋಡುತ್ತಾ.

ರೇಷ್ಮಾ ಖಾಲಿ ಬಾಟಲಿ ಎತ್ತಿದಳು. "ಅಮ್ಮಾರ, ಸರ್‌ಗೆ ಒಂಚೂರು ನೀರು ತರ್ತೀರೇನ್ರೀ?"

ಬಾಗಿಲು ಮುಚ್ಚಿತು. ನಾನು ಕಿರುಗುಟ್ಟುತ್ತಾ ಅವರ ಮೊಣಕಾಲಿನ ತನಕ ಉರುಳಿದೆ. ಅವರು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಎಂಟು ತಿಂಗಳಿಂದ ಮುಚ್ಚಿಟ್ಟಿದ್ದ ತೊಂದರೆಯನ್ನೆಲ್ಲ ಹೇಳಿದರು.

ಫಕೀರಪ್ಪನ ಹೆಸರನ್ನು ಮಾತ್ರ ಅವರು ಆವತ್ತೂ ಹೇಳಲಿಲ್ಲ.