ಕತ್ತಿನ ಭಾರ

ಜಯಪ್ರಕಾಶನಿಗೆ ಸರ್ಕಾರ ಸಂಬಳ ಕೊಡುವುದೇ ಹೆದರಿಕೊಳ್ಳಲಿ ಅಂತ ಎಂದು ಅವನ ಹೆಂಡತಿ ಕವಿತ ಆಡಿಕೊಳ್ಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಇಪ್ಪತ್ತೊಂದು ವರ್ಷದಿಂದ ಅವನದು ಒಂದೇ ಕೆಲಸ, ಮೀಟರಿನ ಮುಳ್ಳು ಕೆಂಪು ಗೆರೆ ದಾಟದ ಹಾಗೆ ನೋಡಿಕೊಳ್ಳುವುದು. ಪಾಳಿ ಮುಗಿಸಿ ಮಳವಳ್ಳಿಯ ಮನೆಗೆ ಬಂದ ಮೇಲೂ ಅವನ ಕಣ್ಣು ಮುಳ್ಳುಗಳನ್ನೇ ಹುಡುಕುತ್ತಿತ್ತು. ಗ್ಯಾಸಿನ ರೆಗ್ಯುಲೇಟರನ್ನು ಮಲಗುವ ಮುಂಚೆ ಮೂರು ಸಲ ಮುಟ್ಟುವನು. ಎಲ್ಲಕ್ಕಿಂತ ಹೆಚ್ಚಾಗಿ ಅವನು ನೋಡುತ್ತಿದ್ದದ್ದು, ಮೈಯಲ್ಲಿ ನೀರು ನಿಂತಿದೆಯೋ ಎಂದು ತಿಳಿಯಲು ಅವ್ವ ದಿನಾ ಬೆಳಿಗ್ಗೆ ಹತ್ತಿ ನಿಲ್ಲುತ್ತಿದ್ದ ತೂಕದ ಯಂತ್ರವನ್ನು.

ಅವ್ವ ಅಂಕಮ್ಮನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಗಿತ್ತು. ದಿನಕ್ಕೆ ನಾಲ್ಕು ಸಲ, ಹೊಟ್ಟೆಗೆ ಕೂರಿಸಿದ ಕೊಳವೆಯಿಂದ ಹಳೆಯ ನೀರು ಇಳಿಸಿ ಹೊಸ ಬ್ಯಾಗಿನ ನೀರು ತುಂಬಬೇಕು. ಆಗ ಬಾಗಿಲು ಮುಚ್ಚಿರಬೇಕು, ಫ್ಯಾನು ನಿಂತಿರಬೇಕು, ಒಂದು ಹುಡಿ ಧೂಳು ಏಳಬಾರದು. ಕಳೆದ ವರ್ಷ ಮದ್ದೂರಿನಲ್ಲಿ ನೆಂಟರ ಮದುವೆಗೆ ಹೋದಾಗ ಛತ್ರದ ಕೋಣೆಯಲ್ಲಿ ಬ್ಯಾಗು ಬದಲಾಯಿಸುತ್ತಿದ್ದರೆ, ಯಾರೋ ಪುಣ್ಯಾತ್ಮರು ಹೂವಿನ ಬುಟ್ಟಿ ಹುಡುಕಿಕೊಂಡು ಬಾಗಿಲು ನೂಕಿಬಿಟ್ಟರು. ಮೂರನೇ ದಿನಕ್ಕೆ ಹೊಟ್ಟೆಯಲ್ಲಿ ಸೋಂಕು. ಮಂಡ್ಯದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಮಲಗಿಸಿಕೊಂಡು ಕಳಿಸುವಾಗ ಡಾಕ್ಟರು, ಇನ್ನೊಂದು ಸಲ ಹೀಗಾದರೆ ಉಳಿಸಿಕೊಳ್ಳುವುದು ಕಷ್ಟ ಎಂದರು. ಅಲ್ಲಿಂದಾಚೆಗೆ ಅಂಕಮ್ಮ ಹೊಸಿಲು ದಾಟಿದ್ದು ಆಸ್ಪತ್ರೆಗೆ ಮಾತ್ರ.

ಹೀಗಿರುವಾಗ ಕುಂದಾಪುರದಲ್ಲಿದ್ದ ತಂಗಿ ಮಂಜುಶ್ರೀಗೆ, ಮದುವೆಯಾಗಿ ಹನ್ನೊಂದು ವರ್ಷದ ಮೇಲೆ, ಮಗು ಹುಟ್ಟಿತು. ದಿನ ತುಂಬುವ ಮುಂಚೆಯೇ ಹುಟ್ಟಿದ ಕೂಸು. ಒಂದು ತಿಂಗಳು ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಿತ್ತು. ಆರು ತಿಂಗಳು ಊರು ಬಿಟ್ಟು ಎಲ್ಲಿಗೂ ಕರೆದೊಯ್ಯಬೇಡಿ ಎಂದು ಅಲ್ಲಿಯ ಡಾಕ್ಟರರ ಕಟ್ಟಪ್ಪಣೆ. ಅಂಕಮ್ಮ ಫೋನಿನಲ್ಲಿ ಮೊಮ್ಮಗನ ಮುಖ ನೋಡಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಆರ್ ತಿಂಗ್ಳಾ? ಅಲ್ಲೀಗಂಟ ನಾನಿರ್ತೀನಿ ಅಂತ ಯಾರ್ ಬರ್ಕೊಟ್ಟವ್ರೆ? ಒಂದ್ ಕಿತ ಎತ್ಕಂಡು ನೋಡ್ಬುಟ್ರೆ ಸಾಕು ಕಣ್ಲಾ ಪ್ರಕಾಸ."

ಅದನ್ನು ಕೇಳಿದ ಮೇಲೆ ಜಯಪ್ರಕಾಶನಿಗೆ ಊಟ ಸೇರಲಿಲ್ಲ. ಲಾಡ್ಜಿನ ರೂಮು ಬೇಡ, ಛತ್ರ ಬೇಡ, ಇನ್ನೊಬ್ಬರ ಬಾಗಿಲೇ ಬೇಡ. ಅವ್ವನ ಕೋಣೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಹೋದರೆ? ಫೋನಿನಲ್ಲಿ ಅಂಥ ಚಕ್ರದ ಮನೆಗಳನ್ನು ನೋಡಿದ್ದ. ಅವನ ಹತ್ತಿರ ಇದ್ದದ್ದು ಎರಡು ವರ್ಷ ಹಳೆಯ ಮಧ್ಯಮ ಗಾತ್ರದ ಎಸ್‌ಯುವಿ. ಅದು ಎಷ್ಟನ್ನು ಎಳೆಯಬಲ್ಲದು ಎಂದು ಕಾರಿನ ಜೊತೆ ಬಂದ, ಯಾರೂ ಓದದ ಪುಸ್ತಕವನ್ನು ಅವನು ಎರಡು ಸಲ ಓದಿದ. ಹಿಂದಿನ ಗಾಡಿಗೆ ತನ್ನದೇ ಬ್ರೇಕು ಇದ್ದರೆ, ಸಾಮಾನು ಸರಂಜಾಮು ಎಲ್ಲ ಸೇರಿ ಸಾವಿರದ ಇನ್ನೂರು ಕೆ.ಜಿ. ಅಲ್ಲಿಗೆ ಅವನಿಗೆ ಒಂದು ಕೆಂಪು ಗೆರೆ ಸಿಕ್ಕಿತು.

ಅಪ್ಪ ಹೊನ್ನಯ್ಯನಿಗೆ ಗೆರೆಗಳ ಮೇಲೆ ನಂಬಿಕೆ ಕಡಿಮೆ. ಎಪ್ಪತ್ತನಾಲ್ಕು ವರ್ಷದ ಅವನು ಅರ್ಧ ಆಯಸ್ಸನ್ನು ಎತ್ತಿನಗಾಡಿಯಲ್ಲಿ ಕಬ್ಬು ಹೊಡೆಯುತ್ತಾ ಕಳೆದವನು. "ಬಾರ್ಲಾ, ನಮ್ ನಾಗರಾಜು ಮಾಡ್ಕೊಡ್ತಾನೆ" ಎಂದು ಮಗನನ್ನು ಭಾರತೀನಗರಕ್ಕೆ ಎಳೆದುಕೊಂಡು ಹೋದ. ನಾಗರಾಜು ಟ್ರಾಕ್ಟರಿಗೆ ಕಬ್ಬಿನ ಟ್ರೈಲರು ಕಟ್ಟುವವನು. ಯಾವುದೋ ಸಿನಿಮಾ ಕಂಪನಿಯವರು ಹೇಳಿ ಮಾಡಿಸಿ ಬಿಟ್ಟುಹೋಗಿದ್ದ ಚಕ್ರದ ಮನೆಯೊಂದು ಅವನ ಶೆಡ್ಡಿನಲ್ಲಿ ಸಿದ್ಧವಾಗಿಯೇ ನಿಂತಿತ್ತು. ಕಬ್ಬಿಣದ ಚೌಕಟ್ಟು, ದಪ್ಪ ತಗಡು, ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರ, ಇನ್ನೂರು ಲೀಟರಿನ ನೀರಿನ ಟ್ಯಾಂಕು. ಹೊನ್ನಯ್ಯ ಅದರ ಪಕ್ಕೆಗೆ ಎರಡು ಏಟು ತಟ್ಟಿ, "ಗಾಡಿ ಅಂದ್ರೆ ಇದು" ಎಂದ.

"ತೂಕ ಎಷ್ಟೈತೆ ನಾಗರಾಜು?" ಜಯಪ್ರಕಾಶ ಕೇಳಿದ.

"ತೂಕ ಯಾಕಣ್ಣ? ನೀನೇನ್ ತಲೆ ಮ್ಯಾಲ್ ಒತ್ಕೊಂಡ್ ಓಯ್ತೀಯಾ?"

ಆದರೂ ಜಯಪ್ರಕಾಶ ಬಿಡಲಿಲ್ಲ. ಟ್ರಾಕ್ಟರು ಕಟ್ಟಿಸಿ, ಕಬ್ಬು ತೂಗುವ ವೇಬ್ರಿಡ್ಜಿನ ಮೇಲೆ ಆ ಮನೆಯೊಂದನ್ನೇ ಹತ್ತಿಸಿ ನಿಲ್ಲಿಸಿದ. ಸಾಲಿನಲ್ಲಿದ್ದ ಕಬ್ಬಿನವರು ಬಿದ್ದು ಬಿದ್ದು ನಕ್ಕರು. ಪರದೆಯ ಮೇಲೆ ಸಾವಿರದ ನಾನೂರ ಎಂಬತ್ತು ಬಂತು. ಅದೂ ಖಾಲಿ ಗಾಡಿ, ಟ್ಯಾಂಕಿಗೆ ಒಂದು ಚೊಂಬು ನೀರು ಬೀಳದೆ.

"ಎಲ್ಡ್ ಎತ್ತು ಇದುಕ್ಕಿಂತ ಜಾಸ್ತಿ ಎಳೀತಿದ್ವು ಕಣ್ಲಾ" ಎಂದು ಹೊನ್ನಯ್ಯ ರೇಗಿದ. "ನಿನ್ ಕಾರ್‌ಗೆ ನೂರ್ ಕುದ್ರೆ ಸಕ್ತಿ ಐತೆ ಅಂತೀಯ!"

"ಎಳ್ದುಬುಡ್ತದೆ ಅಪ್ಪ. ಘಾಟಿ ಇಳಿಯುವಾಗ ನಿಲ್ಲಿಸ್ಬೇಕಲ್ಲ!"

ಹೊನ್ನಯ್ಯ ಮುಖ ಗಂಟಿಕ್ಕಿಕೊಂಡ. ನಾಲ್ಕು ಜನರ ಮುಂದೆ ಮಗ ತನ್ನ ಮಾತು ತೆಗೆದುಹಾಕಿದ್ದರಿಂದ ಅವನಿಗೆ ತುಂಬ ನೋವಾಗಿತ್ತು.

ಕೊನೆಗೆ ಒಪ್ಪಿಗೆಯಾದ ಗಾಡಿ ಸಿಕ್ಕಿದ್ದು ಮಂಡ್ಯದಲ್ಲಿ. ಕಾಲೇಜಿನಲ್ಲಿ ಪಾಠ ಮಾಡುವ ಮಧುಕರ ಎನ್ನುವವರು ತಮ್ಮ ಫೈಬರ್ ಮೈಯ ಪುಟ್ಟ ಟ್ರೈಲರನ್ನು ಮಾರುವವರಿದ್ದರು. ಒಳಗೆ ಒಂದು ಮಂಚ, ಒಂದು ಬೇಸಿನ್ನು, ಬಾಗಿಲಿಗೆ ರಬ್ಬರಿನ ಅಂಚು. ಜಯಪ್ರಕಾಶ ತಲೆ ಬಗ್ಗಿಸಿ ನಿಲ್ಲಬೇಕು, ಕುಳ್ಳಗಿದ್ದ ಅಂಕಮ್ಮ ಬಗ್ಗಬೇಕಿಲ್ಲ. ಖಾಲಿ ತೂಕ ಆರುನೂರ ನಲವತ್ತು, ತನ್ನದೇ ಬ್ರೇಕು ಬೇರೆ ಇತ್ತು.

"ಒಟ್ಟು ತೂಕ ಅಷ್ಟೇ ನೋಡಿದರೆ ಸಾಲದು" ಎಂದರು ಮಧುಕರ. "ತುಂಬಿದ ಮೇಲೆ ಅದರಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಮುಂದಿನ ಕೊಂಡಿಯ ಮೇಲೆ ಕೂತಿರಬೇಕು. ಕೊಂಡಿ ಹಗುರವಾಯಿತೋ, ಇಳಿಜಾರಿನಲ್ಲಿ ಹಿಂದಿನ ಗಾಡಿ ಓಲಾಡೋದಕ್ಕೆ ಶುರು ಮಾಡಿ ಕಾರನ್ನೂ ಎಳೆದು ಮಗುಚಿಬಿಡುತ್ತೆ. ಹಾಗೇನಾದರೂ ಆದರೆ ಕಾರಿನ ಬ್ರೇಕು ತುಳಿಯಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೇರಿಂಗ್ ನೆಟ್ಟಗೆ ಹಿಡಿದುಕೊಳ್ಳಿ."

ಜಯಪ್ರಕಾಶ ಇದನ್ನು ಅಂಗೈ ಮೇಲೆ ಬರೆದುಕೊಳ್ಳುವುದೊಂದು ಬಾಕಿ. ಕೋಪ ಇಳಿಯದ ಹೊನ್ನಯ್ಯ ಮಾತ್ರ ಗೇಟಿನ ಆಚೆಯೇ ನಿಂತು ಎಲೆಯಡಿಕೆ ಅಗಿಯುತ್ತಿದ್ದ.

ಹೊರಡುವ ಮುಂಚಿನ ಮೂರು ದಿನ ಮನೆಯಲ್ಲಿ ತೂಕ ಮಾಡದ ವಸ್ತು ಉಳಿಯಲಿಲ್ಲ. ಚಪಾತಿ ಮಣೆಯನ್ನೂ ತೂಗಿದರು. ಅವ್ವನ ನೀರಿನ ಬ್ಯಾಗುಗಳು ಹತ್ತು ಪೆಟ್ಟಿಗೆ, ಸುಮಾರು ನೂರು ಕೆ.ಜಿ. ಅವನ್ನು ಜಯಪ್ರಕಾಶ ಟ್ರೈಲರಿನ ಮುಂಭಾಗದಲ್ಲಿ ಜೋಡಿಸಿ ಬೆಲ್ಟು ಬಿಗಿದ. ಹೊನ್ನಯ್ಯ ಬಾಣಂತಿ ಮಗಳಿಗೆಂದು ಒಂದು ಮೂಟೆ ರಾಗಿ ತಂದಿಟ್ಟಾಗ, ಹತ್ತು ಸೇರು ಸಾಕು ಎಂದು ಮೂಟೆ ಬಿಚ್ಚಿಸಿದ. ಆಮೇಲೆ ಅವ್ವನ ತೂಕದ ಯಂತ್ರವನ್ನು ತಂದು, ಅದರ ಮೇಲೆ ಮರದ ತುಂಡು ನಿಲ್ಲಿಸಿ, ಟ್ರೈಲರಿನ ಕೊಂಡಿಯ ಮೂತಿಯನ್ನು ಅದರ ಮೇಲೆ ಇಳಿಸಿದ. ಎಪ್ಪತ್ತೆಂಟು ತೋರಿಸಿತು. ಅವನು ಬಯಸಿದ್ದೂ ಅಷ್ಟೇ.

ಸಂಜೆ ಕೊಂಡಿ ಸಿಕ್ಕಿಸಿದಾಗ ಕಾರಿನ ಹಿಂಬದಿ ಎರಡು ಬೆರಳು ಕುಸಿಯಿತು. ಹೊನ್ನಯ್ಯ ಜಗಲಿಯ ಮೇಲೆ ಕೂತು ಅದನ್ನೇ ನೋಡುತ್ತಿದ್ದ.

"ಕತ್ತು ಬಗ್ಗೋಗದೆ ಕಣ್ಲಾ. ಪಾಪ."

"ಅದು ಅಂಗೇ ಇರ್ಬೇಕು, ಸುಮ್ಕಿರಪ್ಪ" ಎಂದ ಜಯಪ್ರಕಾಶ, ಕೈಯಲ್ಲಿದ್ದ ಪಟ್ಟಿಯಿಂದ ತಲೆ ಎತ್ತದೆ.

ಆರಕ್ಕೇ ಬೆಳಗಿನ ಬ್ಯಾಗು ಮುಗಿಸಿ, ಒಂಬತ್ತು ಗಂಟೆಗೆ ಹೊರಟರು. ಅಂಕಮ್ಮ ಮುಂದಿನ ಸೀಟಿನಲ್ಲಿ, ಹೊಟ್ಟೆಯ ಕೊಳವೆಗೆ ಒತ್ತದ ಹಾಗೆ ಬೆಲ್ಟಿನ ಕೆಳಗೆ ಟವೆಲು ಮಡಚಿಟ್ಟುಕೊಂಡು. ಕವಿತ ಮತ್ತು ಹೊನ್ನಯ್ಯ ಹಿಂದೆ. ಭಾರತೀನಗರದಲ್ಲಿ ಕಬ್ಬಿನ ಸಾಲಿನ ಪಕ್ಕ ಆಮೆ ನಡಿಗೆ. ಮದ್ದೂರು ದಾಟಿದ ಮೇಲೆ ಜಯಪ್ರಕಾಶನಿಗೆ ಹಿಂಬದಿ ಯಾಕೋ ಸಡಿಲ ಎನಿಸತೊಡಗಿತು. ಎರಡು ಸಲ ಗಾಡಿ ನಿಲ್ಲಿಸಿ ಟೈರು ಒದ್ದ, ಕೊಂಡಿಯ ಸರಪಣಿ ಜಗ್ಗಿದ. ಎಲ್ಲ ಸರಿಯಾಗಿತ್ತು.

"ಗಾಡಿ ನೆಟ್ಟಗೇ ಐತೆ, ನಡುಗ್ತಿರೋದು ನಿಮ್ ಕೈ" ಎಂದಳು ಕವಿತ. ಇರಬಹುದು ಎಂದುಕೊಂಡು ಅವನೂ ಗೇರು ಹಾಕಿದ. ಹುಟ್ಟಾ ಪುಕ್ಕಲನಿಗೆ ನಿಜವಾದ ಅಪಾಯ ಯಾವುದು, ತನ್ನ ಪುಕ್ಕಲು ಯಾವುದು ಎಂದು ಬೇರೆ ಮಾಡುವುದು ಸುಲಭವಲ್ಲ.

ಬೆಸಗರಹಳ್ಳಿ ಕಳೆದು ಸ್ವಲ್ಪ ದೂರದಲ್ಲಿ ಒಂದು ಇಳಿಜಾರು. ಎದುರಿನಿಂದ ಬಸ್ಸೊಂದು ರೊಯ್ಯನೆ ಹಾದುಹೋಯಿತು. ಅದರ ಗಾಳಿ ಬಡಿದದ್ದೇ ಹಿಂದಿನ ಟ್ರೈಲರು ಎಡಕ್ಕೆ ವಾಲಿತು. ಬಲಕ್ಕೆ ಬಂತು. ಮತ್ತೆ ಎಡಕ್ಕೆ, ಈ ಸಲ ಇನ್ನೂ ಜೋರಾಗಿ. ಕನ್ನಡಿಯಲ್ಲಿ ಒಮ್ಮೆ ಪೂರ್ತಿ ಟ್ರೈಲರು ಕಾಣುತ್ತದೆ, ಒಮ್ಮೆ ಬರಿಯ ಆಕಾಶ. ಕಾರಿನ ಹಿಂಬದಿಯೂ ಅದರ ಜೊತೆ ಜಾರತೊಡಗಿತು. ಕವಿತ ಕಿರುಚಿದಳು. ಅಂಕಮ್ಮ ಕಿರುಚಲಿಲ್ಲ, ಎರಡೂ ಕೈಯಿಂದ ಹೊಟ್ಟೆಯ ಕೊಳವೆಯನ್ನು ಮುಚ್ಚಿಕೊಂಡಳು. ಜಯಪ್ರಕಾಶನ ಬಲಗಾಲು ಬ್ರೇಕಿನ ಮೇಲೆ ಹೋಗಿಯೇಬಿಟ್ಟಿತ್ತು. ಹೇಗೆ ತಡೆದುಕೊಂಡನೋ ಅವನಿಗೇ ಗೊತ್ತಿಲ್ಲ. ಕಾಲು ಎತ್ತಿ, ಸ್ಟೇರಿಂಗನ್ನು ನೆಟ್ಟಗೆ ಹಿಡಿದು ಕೂತ. ಅರವತ್ತು, ಐವತ್ತು, ನಲವತ್ತು. ಓಲಾಟ ನಿಧಾನಕ್ಕೆ ಸಣ್ಣದಾಗಿ, ನಿಂತಿತು.

ಕಾರು ಪಕ್ಕಕ್ಕೆ ಹಾಕಿ ಟ್ರೈಲರಿನ ಬಾಗಿಲು ತೆಗೆದು ನೋಡಿದರೆ, ಮುಂದಿದ್ದ ಹತ್ತೂ ಪೆಟ್ಟಿಗೆಗಳು ಹಿಂದಿನ ಮೂಲೆಯಲ್ಲಿದ್ದವು. ಅವುಗಳ ಪಕ್ಕದಲ್ಲಿ ರಾಗಿ ಮೂಟೆ, ಇಡಿಯದು, ಬಾಯಿ ಕಟ್ಟಿಕೊಂಡು ಕೂತಿತ್ತು.

"ಯಾರಪ್ಪ ಇದ ಮಾಡ್ದೋರು?"

ಹೊನ್ನಯ್ಯ ಮುಂದೆ ಬಂದ. "ನಾನೇ ಕಣ್ಲಾ. ಬೆಳಿಗ್ಗೆ ನೀನ್ ಸ್ನಾನಕ್ಕೋಗಿದ್ದಾಗ. ಇಳಿಜಾರಲ್ಲಿ ಎತ್ತಿನ ಕತ್ ಮ್ಯಾಲೆ ಭಾರ ಬೀಳಬಾರ್ದು ಅಂತ ಗಾಡಿ ಒಡ್ಯೋರು ಇಂದಕ್ಕೆ ಜರುಗಿ ಕೂತ್ಕತ್ತೀವಿ. ಘಾಟಿ ಇಳೀಬೇಕು ಅಂದ್ಯಲ್ಲ. ಕಾರ್ ಕತ್ತು ಅಷ್ಟ್ ಬಗ್ಗಿತ್ತು, ನೋಡಕ್ಕಾಗ್ಲಿಲ್ಲ."

"ಇದು ಎತ್ತಲ್ಲ! ಅವ್ವನ್ನ ಮೊಮ್ಮಗನ್ ತಾವ್ಕೆ ಕರ್ಕೋಯ್ತಿದ್ದೀಯೋ, ಸುಡುಗಾಡಿಗೋ?"

ಅಂದದ್ದೇ, ಅನ್ನಬಾರದಿತ್ತು ಎಂದು ಅವನಿಗೆ ಅನಿಸಿತು. ಹೊನ್ನಯ್ಯ ರಸ್ತೆ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತ.

ಅಷ್ಟರಲ್ಲಿ ಅಂಕಮ್ಮ ಕಾರಿನಿಂದ ಇಳಿದು, "ಬ್ಯಾಗಿನ್ ವತ್ತಾಯ್ತು, ಜಗಳ ಆಮೇಲಾಡ್ಕಳಿ" ಎಂದು ಕವಿತಳ ಕೈ ಹಿಡಿದು ಟ್ರೈಲರು ಹತ್ತಿದಳು. ಬಾಗಿಲು ಮುಚ್ಚಿತು. ಇನ್ನು ನಲವತ್ತು ನಿಮಿಷ ಅದನ್ನು ಯಾರೂ ತೆಗೆಯುವ ಹಾಗಿಲ್ಲ. ಪೆಟ್ಟಿಗೆ ಜರುಗಿಸುವ ಹಾಗಿಲ್ಲ, ಕೂಗಾಡುವ ಹಾಗೂ ಇಲ್ಲ. ಅಪ್ಪ ಮಗ ಇಬ್ಬರೇ ಹೊರಗೆ ಉಳಿದರು.

ಜಯಪ್ರಕಾಶ ಬಂದ ದಾರಿಯನ್ನು ತಿರುಗಿ ನೋಡಿದ. ಇದು ಬರೀ ಬೆಸಗರಹಳ್ಳಿಯ ಇಳಿಜಾರು. ಶಿರಾಡಿ ಘಾಟಿ ಇನ್ನೂ ಮುಂದಿದೆ. ತಿರುಗಿಸಿಕೊಂಡು ಮನೆಗೆ ಹೋಗಿಬಿಡುವುದೇ ಒಳ್ಳೆಯದು ಎಂದುಕೊಂಡ. ಹೋದರೆ ಅವ್ವ ಮಗುವನ್ನು ನೋಡುವುದಿಲ್ಲ, ಅದೂ ಖಂಡಿತ.

"ಕೊಂಡಿ ಮ್ಯಾಲೆ ಭಾರ ಇರ್ಬೇಕು ಅಂತ ನಂಗ್ಯಾಕೇಳ್ಲಿಲ್ಲ ನೀನು?" ಹೊನ್ನಯ್ಯ ನೆಲ ನೋಡುತ್ತಾ ಕೇಳಿದ.

ಜಯಪ್ರಕಾಶ ಅದನ್ನು ಕೆಲಸದ ಜೊತೆಗಾರರಿಗೆ ಹೇಳಿದ್ದ, ಕವಿತಳಿಗೆ ಹೇಳಿದ್ದ, ಬೀದಿಯ ಅರ್ಧ ಜನಕ್ಕೆ ಹೇಳಿದ್ದ. ಜೀವಮಾನವಿಡೀ ಗಾಡಿ ಹೊಡೆದವನಿಗೆ ಮಾತ್ರ ಸುಮ್ಮನಿರು ಅಂದಿದ್ದ. ನಾಚಿಕೆಯಾಯಿತು. ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಮಣ್ಣಿನಲ್ಲಿ ಕಾರು ಬರೆದು, ಟ್ರೈಲರು ಬರೆದು, ಹಿಂದೆ ಭಾರ ಬಿದ್ದರೆ ಮೂತಿ ಹೇಗೆ ಏಳುತ್ತದೆ ಎಂದು ವಿವರಿಸಿದ.

"ಮೂಕಿ ಎದ್ದಂಗೆ" ಎಂದ ಹೊನ್ನಯ್ಯ ತಟ್ಟನೆ, ಎತ್ತಿನಗಾಡಿಯ ಮುಂದಿನ ಉದ್ದ ಮರವನ್ನು ನೆನೆದು. "ಇಂದ್ಗಡೆ ಜಾಸ್ತಿ ಏರುದ್ರೆ ಗಾಡಿ ಮೂಕಿ ಮ್ಯಾಕೆದ್ದು ಎತ್ಗೆ ಉರ್ಲಾಯ್ತದೆ. ಅಷ್ಟೇ ಅಲ್ವೇನ್ಲಾ? ಇದ ಎರಡ್ ಮಾತಲ್ಲಿ ಏಳಿದ್ರೆ ಆಯ್ತಿತ್ತು."

ಬಾಗಿಲು ತೆರೆಯಿತು. ಅಂಕಮ್ಮ ಮಾಸ್ಕು ಇಳಿಸಿ ಮಗನ ಮುಖ ನೋಡಿದಳು. ಅವನು ಏನು ಯೋಚಿಸುತ್ತಿದ್ದಾನೆ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ.

"ಸೊಳ್ಳೆ ಇಲ್ಲ, ಧೂಳಿಲ್ಲ, ಯಾರೂ ಬಾಗ್ಲು ತಳ್ಳಲಿಲ್ಲ. ನಮ್ಮನೆಗಿಂತ ಚೆನ್ನಾಗದೆ. ಇಂದಕ್ಕೆ ತಿರುಗ್ಸೋದಾದ್ರೆ ನನ್ನಿಲ್ಲೇ ಬುಟ್ಬುಡು."

ಹೊನ್ನಯ್ಯ ಎದ್ದ. ಮಗನನ್ನು ಕೇಳದೆ ಪೆಟ್ಟಿಗೆಗಳನ್ನು ಒಂದೊಂದಾಗಿ ಮುಂದಕ್ಕೆ ಹೊತ್ತ. ರಾಗಿ ಮೂಟೆಯನ್ನು ತಾನೇ ಬೆನ್ನಿಗೆ ಏರಿಸಿಕೊಂಡು ಅಲ್ಲೇ ಇದ್ದ ಟೀ ಅಂಗಡಿಯ ಬೆಳ್ಳಮ್ಮ ಎಂಬವಳ ಹತ್ತಿರ, ಬರುವಾಗ ತಗೊಂಡು ಹೋಗ್ತೀವಿ ಎಂದು ಇಟ್ಟು ಬಂದ. ಕೊಂಡಿ ಬಿಚ್ಚಿ, ಅವ್ವನ ಯಂತ್ರದ ಮೇಲೆ ಮೂತಿ ಇಳಿಸಿದರು. ಎಪ್ಪತ್ತೇಳು. ಆಗ ಹೊನ್ನಯ್ಯ ಆ ಮೂತಿಗೆ ಎರಡೂ ಕೈ ಹಾಕಿ, ಒಂದು ಬೆರಳಿನಷ್ಟು ಎತ್ತಿ, ಕಣ್ಣು ಮುಚ್ಚಿ ಹಾಗೇ ನಿಂತ. ಮತ್ತೆ ಇಳಿಸಿದ.

"ಈ ಭಾರ ಇನ್ ಮರಿಯಾಕಿಲ್ಲ" ಎಂದ.

ರಾತ್ರಿ ದಾರಿಯಲ್ಲೇ ಕಳೆದು, ಮರುದಿನ ಸಕಲೇಶಪುರ ದಾಟಿ ಘಾಟಿಗೆ ಮುಂಚೆ ನಿಲ್ಲಿಸಿದಾಗ ಮತ್ತೆ ಬ್ಯಾಗಿನ ಹೊತ್ತು. ತೂಕದ ಯಂತ್ರ ಮುಚ್ಚಿದ ಬಾಗಿಲಿನ ಒಳಗಿತ್ತು. ಜಯಪ್ರಕಾಶ ಗಡಿಯಾರ ನೋಡುತ್ತಾ, ಕೆಳಗೆ ಕವಿಯುತ್ತಿದ್ದ ಮಂಜು ನೋಡುತ್ತಾ ಅಲ್ಲೇ ಶತಪಥ ಹಾಕಿದ. ಹೆಂಗಸರು ಇಳಿದದ್ದೇ, ಯಂತ್ರ ಹೊರತೆಗೆಯುವವರೆಗೂ ಕಾಯದೆ ಹೊನ್ನಯ್ಯ ಕೊಂಡಿ ಬಿಚ್ಚಿಸಿ ಮೂತಿಯನ್ನು ಕೈಯಲ್ಲಿ ಎತ್ತಿ ನೋಡಿದ.

"ಅಷ್ಟೇ ಐತೆ. ಓಡ್ಸು."

ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಜಯಪ್ರಕಾಶ ಮುಳ್ಳು ನೋಡದೆ ಮುಂದಕ್ಕೆ ಹೋದ. ಎರಡನೇ ಗೇರಿನಲ್ಲಿ, ಬೆನ್ನಿಡೀ ಬೆವರುತ್ತಾ ಘಾಟಿ ಇಳಿದ. ಟ್ರೈಲರು ಒಂದು ಸಲವೂ ಓಲಾಡಲಿಲ್ಲ.

ಕುಂದಾಪುರದಲ್ಲಿ ಮಂಜುಶ್ರೀ ಅವ್ವನಿಗೆ ಸೋಪಿನಲ್ಲಿ ಕೈ ತೊಳೆಸಿ ಮಗುವನ್ನು ಕೊಟ್ಟಳು. ಅಂಕಮ್ಮ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಆಮೇಲೆ ತನ್ನ ತೂಕದ ಯಂತ್ರ ತರಿಸಿ ಒಮ್ಮೆ ಬರಿಗೈಯಲ್ಲಿ, ಒಮ್ಮೆ ಮಗುವನ್ನೆತ್ತಿಕೊಂಡು ಹತ್ತಿದಳು. ಮೂರು ಕೆ.ಜಿ. ಇನ್ನೂರು ಗ್ರಾಮು ಹೆಚ್ಚು ತೋರಿಸಿತು. ಜಯಪ್ರಕಾಶ ಅಳತೊಡಗಿದ. ಅಳುತ್ತಲೇ ಮಗುವಿಗೆ ಕೈ ಚಾಚಿದ.

ಹೊನ್ನಯ್ಯ ನಡುವೆ ಬಂದು, ತನ್ನ ಒರಟು ಅಂಗೈಯನ್ನು ಮಗುವಿನ ಕತ್ತಿನ ಕೆಳಗೆ ಇಟ್ಟ.

"ಇಂಗ್ ಇಡ್ಕೊಳ್ಲಾ. ಕತ್ ಮ್ಯಾಲೆ ಭಾರ ಬೀಳಬಾರ್ದು."

ಜಯಪ್ರಕಾಶ ಅಪ್ಪನ ಅಂಗೈಯ ಅಡಿಯಲ್ಲಿ ತನ್ನ ಅಂಗೈಯನ್ನೂ ಇಟ್ಟ.